ಜಿಂಕೆಯ ಟ್ಯಾಕ್ಸಿಡರ್ಮಿ ಕಲಿಯಲು ಕಾನೂನಿನೊಳಗೊಂದು ದಾರಿ ಬೇಕು

ಸಂಪಾದಕರಿಗೆ,

ಮಾನ್ಯರೇ,

ಸತ್ತ ಪ್ರಾಣಿಯ ಚರ್ಮವನ್ನು ಹದಗೊಳಿಸಿ, ಅದರದೇ ಅಳತೆಯ ಅಚ್ಚಿನ ಮೇಲೆ ಹೊದಿಸಿ, ಬದುಕಿದ್ದಾಗಿನ ರೂಪಕ್ಕೆ ತರುವ ಟ್ಯಾಕ್ಸಿಡರ್ಮಿ ವಿದ್ಯೆಯನ್ನು ಎಲ್ಲಿ ಕಲಿಯಬಹುದು ಎಂದು ಕೇಳಿಕೊಂಡು ನನ್ನ ಬಳಿಗೆ ಬರುವ ಯುವಕ ಯುವತಿಯರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ನಾನು ಪಶುವೈದ್ಯನಾಗಿದ್ದು ನಿವೃತ್ತನಾದವನು. ಮೇಕೆ ಮತ್ತು ಕುರಿಯ ತಲೆಗಳ ಮೇಲೆ ಈ ಕೆಲಸವನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿರುವುದರಿಂದ ಅವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರಿಗೆ ಜಿಂಕೆಯಿಂದಲೇ ಆರಂಭಿಸಬೇಕೆಂಬ ಹಂಬಲ. ಆ ಹಂಬಲದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಕಾನೂನಿಗೆ ಒಳಪಟ್ಟು ಪೂರೈಸಿಕೊಳ್ಳುವ ದಾರಿ ಕರ್ನಾಟಕದಲ್ಲಿ ಇಂದು ಇಲ್ಲದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅವರು ನೋಡಿ ಬಂದಿರುವ ವಿಡಿಯೊಗಳು ಬಹುಪಾಲು ಅಮೆರಿಕದವು. ಅಲ್ಲಿ ಬಿಳಿಬಾಲದ ಜಿಂಕೆಯನ್ನು ನಿಗದಿತ ಋತುವಿನಲ್ಲಿ ಪರವಾನಗಿ ಪಡೆದು ಬೇಟೆಯಾಡಬಹುದು. ಬೇಟೆಯಾಡಿದವರು ತಲೆಯಿಂದ ಭುಜದವರೆಗಿನ ಭಾಗವನ್ನು ಮಾಡಿಸಿ ಗೋಡೆಗೆ ಹಾಕಿಕೊಳ್ಳುವುದು ರೂಢಿಯಾದ್ದರಿಂದ, ಈ ವಿದ್ಯೆಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಕೈ ಹಾಕುವುದೂ ಅದಕ್ಕೇ. ಅಳತೆಗೆ ತಕ್ಕ ಪಾಲಿಯುರಿಥೇನ್ ಅಚ್ಚು, ಗಾಜಿನ ಕಣ್ಣು, ಕಿವಿಯೊಳಗೆ ಕೂರಿಸುವ ಪ್ಲಾಸ್ಟಿಕ್ ಹಾಳೆ, ಹದ ಮಾಡುವ ರಾಸಾಯನಿಕ ಎಲ್ಲವೂ ಅಲ್ಲಿ ಸಿದ್ಧವಾಗಿ ಸಿಗುತ್ತವೆ. ಅದನ್ನೆಲ್ಲ ನೋಡಿದ ನಮ್ಮ ಹುಡುಗರು ಇಲ್ಲಿಯೂ ಹಾಗೆಯೇ ಆರಂಭಿಸಬಹುದೆಂದುಕೊಂಡರೆ, ಮೊದಲ ಹೆಜ್ಜೆಯಲ್ಲೇ ಅಪರಾಧಿಗಳಾಗುತ್ತಾರೆ.

ನಮ್ಮಲ್ಲಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಜನ ಜಿಂಕೆಯೆಂದೇ ಕರೆಯುವ ಕೃಷ್ಣಮೃಗ, ಇವೆಲ್ಲವೂ ಅದರ ಅನುಸೂಚಿಗಳಲ್ಲಿವೆ. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಬೇಟೆಗೆ ಬಲಿಯಾದ ವನ್ಯಪ್ರಾಣಿಯಷ್ಟೇ ಅಲ್ಲ, ತಾನಾಗಿ ಸತ್ತು ಬಿದ್ದಿರುವ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತ ಜಿಂಕೆ ಯಾರಿಗೂ ಸೇರಿದ್ದಲ್ಲವೆಂದು ತಿಳಿದು ಅದರ ತಲೆಯನ್ನು ಮನೆಗೆ ತಂದರೆ ಅದು ಅಪರಾಧ. ಕಾಯ್ದೆಯು ಟ್ರೋಫಿ ಎಂದು ಹೇಳುವ ವಸ್ತುಗಳಲ್ಲಿ ಚರ್ಮ, ಮೂಳೆ, ಉಗುರು, ಕೂದಲುಗಳ ಜೊತೆಗೆ ಕೊಂಬೂ ಸೇರಿದೆ. ಆದ್ದರಿಂದ ಕಾಡಂಚಿನ ಹೊಲದಲ್ಲಿ ತಾನಾಗಿ ಉದುರಿ ಬಿದ್ದ ಕೊಂಬನ್ನು ಆಯ್ದುಕೊಂಡು ಇಟ್ಟುಕೊಳ್ಳುವಂತಿಲ್ಲ. ಟ್ಯಾಕ್ಸಿಡರ್ಮಿಯನ್ನು ವೃತ್ತಿಯಾಗಿ ನಡೆಸಲು 44ನೇ ಸೆಕ್ಷನ್ನಿನಡಿ ಪರವಾನಗಿ ಬೇಕು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ಪ್ರಕರಣ ಇಡೀ ರಾಜ್ಯದಲ್ಲಿ ಚರ್ಚೆಯಾದಾಗ, ಇಂಥ ವಸ್ತುಗಳು ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದು ಅನೇಕರಿಗೆ ಮೊದಲ ಬಾರಿಗೆ ತಿಳಿಯಿತು. ಈ ಕಾನೂನು ಸಡಿಲವಾಗಬೇಕೆಂದು ನಾನು ಕೇಳುತ್ತಿಲ್ಲ. ಬೇಟೆಯಿಂದ ಬರಿದಾಗಿದ್ದ ನಮ್ಮ ಕಾಡುಗಳಲ್ಲಿ ಜಿಂಕೆಯ ಹಿಂಡುಗಳು ಮತ್ತೆ ಕಾಣುತ್ತಿರುವುದರಲ್ಲಿ ಅದರ ಪಾಲು ದೊಡ್ಡದು.

ಹಾಗಿದ್ದೂ ಈ ವಿದ್ಯೆ ಇಲ್ಲಿ ಉಳಿಯಬೇಕು ಎಂದು ಏಕೆ ಹೇಳುತ್ತಿದ್ದೇನೆಂದರೆ, ಇಡೀ ದೇಶದಲ್ಲಿ ಇದಕ್ಕೆ ಹೆಸರಾಗಿದ್ದ ಊರು ಮೈಸೂರು. 1900ರ ಸುಮಾರಿಗೆ ಯುಜೀನ್ ವ್ಯಾನ್ ಇಂಗೆನ್ ಆರಂಭಿಸಿ ಅವರ ಮಕ್ಕಳು ಮುಂದುವರಿಸಿದ ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್ ಕಾರ್ಖಾನೆಗೆ ರಾಜಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ತಾವು ಕೊಂದ ಹುಲಿ, ಚಿರತೆ, ಕಾಟಿ, ಕಡವೆಗಳ ಚರ್ಮಗಳನ್ನು ಕಳುಹಿಸುತ್ತಿದ್ದರು. ಪ್ರಾಣಿಯ ಸ್ನಾಯುಗಳ ಉಬ್ಬುತಗ್ಗುಗಳನ್ನು ಕಂಡರಿಸಿದ ಅಚ್ಚುಗಳಿಂದ ಕಾಗದದ ಮುದ್ದೆಯ ಹಗುರವಾದ ಒಡಲುಗಳನ್ನು ತೆಗೆದು, ಅವುಗಳ ಮೇಲೆ ಚರ್ಮ ಕೂರಿಸುತ್ತಿದ್ದುದು ಅವರ ಪದ್ಧತಿ. ಅವರು ಮಾಡಿದ ಮಾದರಿಗಳು ಇಂದಿಗೂ ದೇಶವಿದೇಶಗಳ ಸಂಗ್ರಹಗಳಲ್ಲಿವೆ. ಬೇಟೆಯ ಮೇಲೆ ನಿಷೇಧ ಬಂದಮೇಲೆ ಕೆಲಸ ಕುಗ್ಗುತ್ತ ಬಂದು, ಸುಮಾರು ಒಂದು ಶತಮಾನ ನಡೆದ ಕಾರ್ಖಾನೆ 1990ರ ದಶಕದ ಕೊನೆಯ ಹೊತ್ತಿಗೆ ಮುಚ್ಚಿತು. ಬೇಟೆಗಾರರ ಪ್ರದರ್ಶನಕ್ಕಾಗಿ ನಡೆದ ಆ ವ್ಯವಹಾರ ನಿಂತದ್ದು ಸರಿಯೇ. ಆದರೆ ಅಲ್ಲಿ ಚರ್ಮ ಸುಲಿದು, ಹದ ಮಾಡಿ, ಹೊಲಿದು, ಬಣ್ಣ ಹಚ್ಚುತ್ತಿದ್ದ ಮೈಸೂರಿನ ಕೆಲಸಗಾರರ ಕೈಯಲ್ಲಿದ್ದ ತಿಳಿವಳಿಕೆ ಮುಂದಿನವರಿಗೆ ದಾಟುವ ಏರ್ಪಾಡು ಆಗಲಿಲ್ಲ ಎಂಬುದು ನನ್ನ ದುಃಖ.

ನನ್ನ ಬಳಿ ಬರುವ ಹೊಸಬರಿಗೆ ನಾನು ಮೇಕೆಯ ತಲೆಯಿಂದ ಆರಂಭಿಸಲು ಹೇಳುತ್ತೇನೆ. ಮಾಂಸದಂಗಡಿಯವರು ತಲೆಯನ್ನು ಸಾಮಾನ್ಯವಾಗಿ ಕೂದಲು ಸುಟ್ಟೇ ಕೊಡುವುದರಿಂದ, ಸುಡದೆ, ಕುತ್ತಿಗೆಯ ಚರ್ಮವನ್ನು ಭುಜದವರೆಗೆ ಉಳಿಸಿ ಕೊಡುವಂತೆ ಹಿಂದಿನ ದಿನವೇ ಹೇಳಿಡಬೇಕು. ಗಂಟಲಿನ ಬಳಿ ಕೊಯ್ದ ಗಾಯ ಇದ್ದೇ ಇರುತ್ತದೆ. ಅದನ್ನು ಕೂದಲಿನ ಸಾಲು ತಪ್ಪದಂತೆ ಹೊಲಿಯುವುದೂ ಒಂದು ಪಾಠವೇ. ತಂದ ಕೂಡಲೇ ಕತ್ತಿ ಹಿಡಿಯಬಾರದು. ಕಣ್ಣಿನ ಒಳಮೂಲೆಯಿಂದ ಮೂಗಿನ ತುದಿಗೆ ಎಷ್ಟು, ಎರಡು ಕಣ್ಣುಗಳ ನಡುವೆ ಎಷ್ಟು, ಕಿವಿಯ ಹಿಂದೆ ಕುತ್ತಿಗೆಯ ಸುತ್ತಳತೆ ಎಷ್ಟು, ಅಲ್ಲಿಂದ ಕೆಳಗೆ ಅದು ಹೇಗೆ ಹಿಗ್ಗುತ್ತ ಹೋಗುತ್ತದೆ ಎಂಬುದನ್ನೆಲ್ಲ ಬರೆದುಕೊಂಡು, ಎಲ್ಲ ಕಡೆಗಳಿಂದ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಸುಲಿದ ಚರ್ಮ ಎಳೆದಷ್ಟೂ ಹಿಗ್ಗುವುದರಿಂದ, ಅದನ್ನು ನೋಡಿ ಅಚ್ಚು ಮಾಡಿದವರ ಮೇಕೆ ಮೂಲಕ್ಕಿಂತ ದಪ್ಪವಾಗಿಯೇ ಬರುತ್ತದೆ.

ಸುಲಿಯುವಾಗ ಕುತ್ತಿಗೆಯ ಹಿಂಬದಿಯ ನಡುಗೆರೆಯಲ್ಲಿ ಕೊಯ್ದು, ತಲೆಯ ಮೇಲೆ ಅದನ್ನು ಎರಡಾಗಿ ಕವಲೊಡೆಸಿ ಎರಡೂ ಕೊಂಬುಗಳ ಬುಡಕ್ಕೆ ಸೇರಿಸುತ್ತಾರೆ. ಅಲಗಿನ ಬಾಯಿ ಮೇಲ್ಮುಖವಾಗಿರುವಂತೆ ಹಿಡಿದು ಚರ್ಮದ ಒಳಗಿನಿಂದ ಕೊಯ್ದರೆ ಕೂದಲು ತುಂಡಾಗುವುದಿಲ್ಲ. ಹೊರಗಿನಿಂದ ಕೊಯ್ದರೆ ಎಷ್ಟೇ ನಾಜೂಕಾಗಿ ಹೊಲಿದರೂ ಆ ಗೆರೆ ಕತ್ತರಿ ಆಡಿಸಿದಂತೆ ಕಾಣುತ್ತದೆ. ನಿಜವಾದ ತಾಳ್ಮೆ ಬೇಕಾಗುವುದು ಮುಖದ ರಂಧ್ರಗಳ ಸುತ್ತ. ರೆಪ್ಪೆಯೊಳಗೆ ಒಂದು ಬೆರಳು ಇಟ್ಟುಕೊಂಡು, ಅಲಗು ಎಲ್ಲಿದೆ ಎಂಬುದನ್ನು ಆ ಬೆರಳಿಗೆ ತಿಳಿಯುವಂತೆ ಮೂಳೆಯ ಅಂಚಿನಲ್ಲೇ ಸಾಗಬೇಕು. ತುಟಿಯ ಒಳಗಿನ ತೇವದ ಚರ್ಮವನ್ನು ಒಂದು ಪಟ್ಟಿಯಷ್ಟು ಉಳಿಸಿಕೊಂಡು ಕೊಯ್ಯಬೇಕು. ಕೊನೆಯಲ್ಲಿ ಬಾಯಿಯ ಗೆರೆಯೊಳಕ್ಕೆ ಮಡಚಿ ಸಿಕ್ಕಿಸಲು ಅದೇ ಬೇಕಾಗುವುದು. ಕಿವಿಯ ಹಿಂಭಾಗದ ಚರ್ಮವನ್ನು ಮೃದ್ವಸ್ಥಿಯಿಂದ ಮೊಂಡ ಸಾಧನದಿಂದ ಬಿಡಿಸುತ್ತ ಅಂಚಿನವರೆಗೆ ಹೋಗಿ ಚೀಲದಂತೆ ಹೊರಮಗುಚಬೇಕು. ಇದನ್ನು ಅರ್ಧಕ್ಕೆ ಬಿಟ್ಟರೆ ಉಪ್ಪು ಒಳಗೆ ಮುಟ್ಟದೆ ಕಿವಿಯ ತುದಿಯ ಕೂದಲು ಉದುರುತ್ತದೆ, ಒಣಗಿದ ಮೇಲೆ ಕಿವಿಯೂ ಮುರುಟುತ್ತದೆ.

ಚರ್ಮದ ಒಳಬದಿಯ ಮಾಂಸ, ಕೊಬ್ಬುಗಳನ್ನೆಲ್ಲ ಕೆರೆದು ತೆಗೆದ ಬಳಿಕ ಅಯೋಡಿನ್ ಇಲ್ಲದ ನುಣುಪಾದ ಉಪ್ಪನ್ನು ಮಡಿಕೆಮಡಿಕೆಗೂ ತಿಕ್ಕಿ, ನೀರು ಬಸಿದು ಹೋಗುವಂತೆ ಇಳಿಜಾರಾಗಿ ಇಟ್ಟು, ಮರುದಿನ ಹಳೆಯ ಉಪ್ಪು ಕೊಡವಿ ಹೊಸದನ್ನು ಹಾಕುತ್ತಾರೆ. ನಮ್ಮ ಬೇಸಿಗೆಯಲ್ಲಿ ಇದನ್ನು ಸಂಜೆಗೆ ಮಾಡೋಣವೆಂದು ಬಿಟ್ಟರೆ ಅಷ್ಟರಲ್ಲಿ ಬ್ಯಾಕ್ಟೀರಿಯಾಗಳು ಕೂದಲಿನ ಬುಡವನ್ನು ಸಡಿಲಗೊಳಿಸಿರುತ್ತವೆ. ಒಮ್ಮೆ ಉದುರಲು ಶುರುವಾದ ಕೂದಲನ್ನು ಯಾವ ರಾಸಾಯನಿಕವೂ ನಿಲ್ಲಿಸದು. ಕೂದಲು ಉಳಿಸಿಕೊಂಡು ಹದ ಮಾಡಲು ಪಟಿಕ ಮತ್ತು ಉಪ್ಪಿನ ದ್ರಾವಣ ಹಳೆಯ, ನಂಬಿಕಸ್ತ ವಿಧಾನ. ಚರ್ಮ ಯಾವಾಗ ಹದಕ್ಕೆ ಬಂತು ಎಂದು ಬೆರಳಿನಿಂದ ಮುಟ್ಟಿ ಹೇಳಬಲ್ಲವರು ನಮ್ಮ ಹಳ್ಳಿಗಳ ಚರ್ಮಗಾರಿಕೆಯ ಕುಟುಂಬಗಳಲ್ಲಿ ಇನ್ನೂ ಇದ್ದಾರೆ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಹಿರಿಯರ ಅನುಭವವನ್ನು ಯಾವ ಪ್ರಯೋಗಾಲಯವೂ ಕಡೆಗಣಿಸಬಾರದು. ಮುಂದೆ ಇದಕ್ಕೊಂದು ತರಬೇತಿ ಆರಂಭವಾದರೆ ಅವರು ಗುರುಗಳ ಸ್ಥಾನದಲ್ಲಿ, ಗೌರವಧನ ಪಡೆದು ಕಲಿಸುವಂತಾಗಬೇಕು ಎಂಬುದು ನನ್ನ ಒತ್ತಾಯ.

ಅಚ್ಚಿಗೆ ಸಿದ್ಧವಸ್ತು ಸಿಗದಿದ್ದರೆ ನಷ್ಟವಿಲ್ಲ. ಶುಚಿಗೊಳಿಸಿದ ತಲೆಬುರುಡೆಯನ್ನೇ ಆಧಾರವಾಗಿಟ್ಟುಕೊಂಡು, ಕುತ್ತಿಗೆಯನ್ನು ಥರ್ಮಾಕೋಲ್‌ನಲ್ಲಿ ಕೆತ್ತಿ, ದವಡೆಯ ಸ್ನಾಯುಗಳನ್ನು ಜೇಡಿಮಣ್ಣಿನಲ್ಲಿ ತುಂಬಿದವರಿಗೆ ತಲೆಯ ರಚನೆ ಮನಸ್ಸಿನಲ್ಲಿ ಉಳಿಯುವಷ್ಟು ಅಂಗಡಿಯ ಅಚ್ಚು ಬಳಸಿದವರಿಗೆ ಉಳಿಯುವುದಿಲ್ಲ. ಗಣಪತಿ ಮಾಡುವ ಕುಟುಂಬದ ಹುಡುಗನೊಬ್ಬ ಈ ಕೆಲಸವನ್ನು ನನ್ನ ಪಶುವೈದ್ಯಕೀಯ ವಿದ್ಯಾರ್ಥಿಗಳಿಗಿಂತ ಬೇಗ ಕಲಿತದ್ದನ್ನು ಕಂಡಿದ್ದೇನೆ. ಎಲ್ಲರೂ ಎಡವುವುದು ಕಣ್ಣಿನಲ್ಲಿ. ಮೇಕೆಗೂ ಜಿಂಕೆಗೂ ಕಣ್ಣಿನ ಪಾಪೆ ಅಡ್ಡಲಾಗಿರುತ್ತದೆ. ಬದುಕಿರುವ ಪ್ರಾಣಿ ಮೇಯಲು ತಲೆ ತಗ್ಗಿಸಿದರೂ ಕಣ್ಣುಗುಡ್ಡೆ ಹೊರಳಿ ಆ ಪಾಪೆ ನೆಲಕ್ಕೆ ಸಮಾನಾಂತರವಾಗಿಯೇ ಉಳಿಯುತ್ತದೆ, ದೂರದಿಂದ ಬರುವ ಅಪಾಯ ಕಾಣಲೆಂದು. ಆದ್ದರಿಂದ ತಲೆಯ ಓರೆ ಎಷ್ಟೆಂದು ನಿರ್ಧರಿಸಿದ ಮೇಲೆಯೇ ಗಾಜಿನ ಕಣ್ಣು ಕೂರಿಸಬೇಕು. ಕೆಲವೇ ಡಿಗ್ರಿ ತಪ್ಪಿದರೂ ಪ್ರಾಣಿ ಸತ್ತಂತೆಯೇ ಕಾಣುತ್ತದೆ. ಆಮೇಲೆ ಒಣಗುವ ವಾರಗಳು. ಚರ್ಮ ಕುಗ್ಗುತ್ತ ಕಣ್ಣಿನ ಮೂಲೆ, ಮೂಗಿನ ಹೊಳ್ಳೆ, ತುಟಿಯ ಅಂಚುಗಳಿಂದ ಹಿಂದಕ್ಕೆ ಸರಿಯುತ್ತದೆಯಾದ್ದರಿಂದ ಅಲ್ಲೆಲ್ಲ ಸೂಜಿ ಚುಚ್ಚಿ ಹಿಡಿದು ದಿನವೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಬೂಷ್ಟು ಬಾರದಂತೆ ಗಾಳಿಯಾಡುವ ಕೋಣೆಯೂ ಬೇಕು.

ಇಷ್ಟೆಲ್ಲವನ್ನೂ ಮೇಕೆ ಕಲಿಸುತ್ತದೆ. ಆದರೆ ಜಿಂಕೆ ಮಾತ್ರವೇ ಕಲಿಸಬಲ್ಲ ಸಂಗತಿಗಳಿವೆ. ಜಿಂಕೆಯ ಕಣ್ಣಿನ ಮುಂದೆ ಗಂಧ ಸೂಸುವ ಗ್ರಂಥಿಯ ಗುಳಿಯಿದೆ, ಕಡವೆಯಲ್ಲಿ ಅದು ಕೆರಳಿದಾಗ ಅಗಲವಾಗಿ ತೆರೆದುಕೊಳ್ಳುತ್ತದೆ. ಮೇಕೆಗೆ ಅದಿಲ್ಲ. ಜಿಂಕೆಯ ಮೂಗು ಕೂದಲಿಲ್ಲದ, ತೇವವಾದ ಕಪ್ಪು ಚರ್ಮದ್ದು. ಒಣಗಿದ ಮೇಲೆ ಬಣ್ಣ ಕಳೆದುಕೊಳ್ಳುವ ಅದಕ್ಕೆ ಮತ್ತೆ ತೇವದ ಹೊಳಪು ತರುವುದು ಬೇರೆಯೇ ಕುಶಲತೆ. ಮೇಕೆಯ ಕೊಂಬು ಮೂಳೆಯ ತಿರುಳಿನ ಮೇಲಿನ ಚಿಪ್ಪು, ಅದನ್ನು ಕಳಚಿ ತಿರುಳನ್ನು ಶುಚಿ ಮಾಡದಿದ್ದರೆ ಹುಳು ಬೀಳುತ್ತದೆ. ಜಿಂಕೆಯದು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುವ ಗಟ್ಟಿ ಮೂಳೆ, ಬೆಳೆಯುವ ಕಾಲದಲ್ಲಿ ರಕ್ತನಾಳಗಳು ತುಂಬಿದ ಮಖಮಲ್ಲಿನಂಥ ಚರ್ಮ ಅದನ್ನು ಹೊದ್ದಿರುತ್ತದೆ. ಚುಕ್ಕೆ ಜಿಂಕೆಯ ಬೆನ್ನಿನ ಕಪ್ಪು ಪಟ್ಟೆಯ ಎರಡೂ ಬದಿಗೆ ಚುಕ್ಕೆಗಳು ಸಾಲಾಗಿ ನಿಂತಿರುವುದರಿಂದ, ಚರ್ಮವನ್ನು ಒಂದು ಕಡೆಗೆ ಸ್ವಲ್ಪ ಎಳೆದರೂ ಸಾಲು ಓರೆಯಾಗಿ ತಪ್ಪು ಎದ್ದು ಕಾಣುತ್ತದೆ.

ಇದನ್ನು ಕಲಿಸಲು ಒಂದು ಜಿಂಕೆಯನ್ನೂ ಕೊಲ್ಲಬೇಕಾಗಿಲ್ಲ. 1892ರಲ್ಲಿ ಆರಂಭವಾದ ನಮ್ಮ ಮೈಸೂರು ಮೃಗಾಲಯವೂ ಸೇರಿದಂತೆ ರಾಜ್ಯದ ಮೃಗಾಲಯಗಳಲ್ಲಿ, ಜಿಂಕೆವನಗಳಲ್ಲಿ ಜಿಂಕೆಗಳು ಮುಪ್ಪಿನಿಂದಲೂ ಗಂಡುಗಳ ಕಾದಾಟದಿಂದಲೂ ಸಾಯುತ್ತವೆ. ಚುಕ್ಕೆ ಜಿಂಕೆಯ ಗಂಡುಗಳಿಗೆ ಕೊಂಬು ಉದುರುವ ಕಾಲ ಒಂದೇ ಆಗಿರದೆ ವರ್ಷವಿಡೀ ಹಂಚಿಹೋಗಿರುವುದರಿಂದ, ಕೊಂಬಿನ ಎಲ್ಲ ಹಂತಗಳೂ ಕಲಿಯುವವರಿಗೆ ಸಿಗುತ್ತವೆ. ಮರಣೋತ್ತರ ಪರೀಕ್ಷೆ ಮುಗಿದ ಮೇಲೆ ಕಳೇಬರವನ್ನು ಹೂಳುವುದೋ ಸುಡುವುದೋ ಇಂದಿನ ಸಾಮಾನ್ಯ ಕ್ರಮ. ಪರೀಕ್ಷೆ ನಡೆಸುವ ವೈದ್ಯರೂ ಚರ್ಮ ಸುಲಿಯುವವರೂ ಎಲ್ಲಿ ಕೊಯ್ಯಬೇಕೆಂದು ಮೊದಲೇ ಮಾತಾಡಿಕೊಂಡರೆ ಎರಡೂ ಕೆಲಸಗಳು ಕೆಡುವುದಿಲ್ಲ. ಪಶುವೈದ್ಯನಾಗಿ ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೆರಡಿ ರೋಗದ (ಆಂಥ್ರಾಕ್ಸ್) ಶಂಕೆಯಿರುವ ಕಳೇಬರವನ್ನು ತೆರೆಯಲೇಬಾರದು. ಕ್ಷಯ ಅಥವಾ ಹುಚ್ಚುನಾಯಿ ರೋಗದ ಸಂದೇಹವಿದ್ದ ಪ್ರಾಣಿಯನ್ನು ಕಲಿಕೆಗೆ ಕೊಡಬಾರದು. ಹೀಗಾಗಿಯೇ ಈ ತರಬೇತಿ ಮನೆಯ ಹಿತ್ತಲಲ್ಲಿ ನಡೆಯದೆ ಪಶುವೈದ್ಯರಿರುವ ಸಂಸ್ಥೆಯೊಳಗೆ ನಡೆಯಬೇಕು.

ಇದು ಆಗದ ಮಾತಲ್ಲ. ಮುಂಬೈ ಪಶುವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ಪ್ರಾಧ್ಯಾಪಕ ಡಾ. ಸಂತೋಷ್ ಗಾಯಕ್ವಾಡ್ ಅವರು ವಸ್ತುಸಂಗ್ರಹಾಲಯದ ಮಾದರಿಗಳನ್ನು ಕಂಡು ಆಸಕ್ತಿ ಹುಟ್ಟಿ, ತಾವೇ ಅಭ್ಯಾಸ ಮಾಡಿ ಕಲಿತವರು. ಅವರ ಪರಿಶ್ರಮದಿಂದ 2009ರಲ್ಲಿ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ವನ್ಯಜೀವಿ ಟ್ಯಾಕ್ಸಿಡರ್ಮಿ ಕೇಂದ್ರ ಆರಂಭವಾಯಿತು. ಸಹಜವಾಗಿ ಸತ್ತ ಪ್ರಾಣಿಗಳನ್ನು ಅರಣ್ಯ ಇಲಾಖೆಯ ಅನುಮತಿಯೊಡನೆ ಅಲ್ಲಿ ಸಂರಕ್ಷಿಸುತ್ತಾರೆ. ಮಹಾರಾಷ್ಟ್ರ ಮಾಡಿದ್ದನ್ನು, ಇದೇ ಕಸುಬಿಗೆ ಹೆಸರಾಗಿದ್ದ ಮೈಸೂರು ಮಾಡಲಾಗದೇ?

ಸತ್ತ ಪ್ರಾಣಿಯನ್ನು ಪ್ರದರ್ಶನಕ್ಕಿಡುವುದು ಅದಕ್ಕೆ ತೋರುವ ಅಗೌರವ, ಬೇಟೆಯ ವೈಭವಕ್ಕೆ ಮತ್ತೆ ಕೊಡುವ ಕುಮ್ಮಕ್ಕು ಎಂದು ಆಕ್ಷೇಪಿಸುವ ಮಿತ್ರರಿದ್ದಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ, ಗೋಡೆಯ ಮೇಲಿನ ಟ್ರೋಫಿಗಳು ನನಗೂ ಹಿಡಿಸವು. ಆದರೆ ಚಾರ್ಲ್ಸ್ ಡಾರ್ವಿನ್ ಎಡಿನ್‌ಬರೋದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1826ರಲ್ಲಿ, ಗಯಾನಾದಿಂದ ಬಂದಿದ್ದ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಜಾನ್ ಎಡ್ಮನ್‌ಸ್ಟನ್ ಎಂಬವರಿಗೆ ಶುಲ್ಕ ಕೊಟ್ಟು ಹಕ್ಕಿಗಳ ಚರ್ಮ ಸಂರಕ್ಷಿಸುವುದನ್ನು ಕಲಿತಿದ್ದರು. ಮುಂದೆ ಬೀಗಲ್ ಹಡಗಿನ ಯಾನದಲ್ಲಿ ಅವರು ಹಕ್ಕಿಗಳನ್ನು ಸಂಗ್ರಹಿಸಿ ತರಲು ನೆರವಾದದ್ದು ಆ ವಿದ್ಯೆ. ಕಾಡಿಗೆ ಹೋಗಲಾಗದ ಮಗು, ಕಣ್ಣು ಕಾಣದ ವಿದ್ಯಾರ್ಥಿ, ಕಡವೆಯ ಎತ್ತರವನ್ನೂ ಕಾಡುಕುರಿಯ ಪುಟ್ಟತನವನ್ನೂ ಅಳತೆಯೊಡನೆ ತಿಳಿಯಲು ಒಳ್ಳೆಯ ಮಾದರಿಗಿಂತ ಉತ್ತಮ ಸಾಧನ ನನಗೆ ತಿಳಿದಿಲ್ಲ. ಕಾರಂಜಿ ಕೆರೆಯ ದಡದಲ್ಲಿ 1995ರಿಂದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇರುವ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ಅಲ್ಲಿನ ಮಾದರಿಗಳೂ ಸುಟ್ಟುಹೋದವು. ಅಂಥವನ್ನು ಮತ್ತೆ ಮಾಡಬಲ್ಲ ಕೈಗಳು ದೇಶದಲ್ಲಿ ತೀರ ಕಡಿಮೆ.

ಹಳೆಯ ಮಾದರಿಗಳ ಆರೈಕೆಗೂ ಇದೇ ವಿದ್ಯೆ ಬೇಕು. ಹುಳುವಿನ ಕಾಟ ತಡೆಯಲು ಹಿಂದಿನವರು ಚರ್ಮದ ಒಳಬದಿಗೆ ಆರ್ಸೆನಿಕ್ ಬೆರೆಸಿದ ಸಾಬೂನು ಹಚ್ಚುವುದು ಲೋಕದೆಲ್ಲೆಡೆ ರೂಢಿಯಲ್ಲಿತ್ತು. ಆ ವಿಷ ಎಷ್ಟು ದಶಕ ಕಳೆದರೂ ಕರಗಿ ಹೋಗುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಹಳೆಯ ಬಂಗಲೆಗಳಲ್ಲಿ ತೂಗುತ್ತಿರುವ ಕಡವೆಯ ತಲೆಗಳನ್ನು ಕೆಲಸದವರಿಂದ ಬರಿಗೈಯಲ್ಲಿ ಒರೆಸಿಸುವವರು, ಪೊರಕೆಯಿಂದ ಧೂಳು ಹೊಡೆಸುವವರು ದಯವಿಟ್ಟು ಇದನ್ನು ನೆನಪಿಡಬೇಕು. ಕೈಗವಸು, ಮುಖಗವಸು ಇಲ್ಲದೆ ಅವುಗಳನ್ನು ಮುಟ್ಟಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ಚರ್ಮ ತಿನ್ನುವ ಜೀರುಂಡೆ ಹತ್ತಿದ ಮಾದರಿಯನ್ನು ಪಾಲಿಥೀನ್‌ನಲ್ಲಿ ಬಿಗಿಯಾಗಿ ಸುತ್ತಿ ಆಳವಾದ ಶೈತ್ಯದಲ್ಲಿಟ್ಟು ಹುಳು ಕೊಲ್ಲುವ ಸುರಕ್ಷಿತ ವಿಧಾನ ಇಂದು ಇದೆಯಾದರೂ, ಅದನ್ನು ಮಾಡಿಕೊಡುವವರು ನಮ್ಮ ಜಿಲ್ಲೆಗಳಲ್ಲಿ ಸಿಗುವುದಿಲ್ಲ.

ಆದ್ದರಿಂದ ಅರಣ್ಯ ಇಲಾಖೆ, ಮೃಗಾಲಯ ಪ್ರಾಧಿಕಾರ ಮತ್ತು ಪಶುವೈದ್ಯಕೀಯ ವಿಶ್ವವಿದ್ಯಾಲಯ ಮೂರೂ ಸೇರಿ ಮೈಸೂರಿನಲ್ಲಿ ಒಂದು ಸಣ್ಣ ತರಬೇತಿ ಘಟಕ ತೆರೆಯಬೇಕೆಂದು ಕೋರುತ್ತೇನೆ. ದೊಡ್ಡ ಕಟ್ಟಡ ಬೇಡ. ಒಂದು ಡೀಪ್ ಫ್ರೀಜರ್, ನೀರು ಹರಿದು ಹೋಗುವ ಕಲ್ಲಿನ ಮೇಜು, ಗಾಳಿಯಾಡುವ ಒಣಗಿಸುವ ಕೋಣೆ, ತ್ಯಾಜ್ಯವನ್ನು ಸರಿಯಾಗಿ ವಿಲೇವಾರಿ ಮಾಡುವ ವ್ಯವಸ್ಥೆ ಇದ್ದರೆ ಆರಂಭಕ್ಕೆ ಸಾಕು. ಸಂಗ್ರಹಾಲಯದ ಸಿಬ್ಬಂದಿ ಮತ್ತು ಪಶುವೈದ್ಯಕೀಯ ವಿದ್ಯಾರ್ಥಿಗಳ ಜೊತೆಗೆ ಶಿಲ್ಪ, ಚರ್ಮಗಾರಿಕೆ ತಿಳಿದ ಹೊರಗಿನ ಕೆಲವರಿಗೂ ಪ್ರವೇಶವಿರಲಿ. ಎಲ್ಲರೂ ಮೇಕೆ, ಕುರಿಗಳ ಮೇಲೆ ಕೈ ಪಳಗಿಸಿಕೊಂಡ ನಂತರವೇ ಜಿಂಕೆಯ ಚರ್ಮ ಮುಟ್ಟಲಿ. ಬಂದ ಪ್ರತಿ ಚರ್ಮಕ್ಕೂ, ಪ್ರತಿ ಜೊತೆ ಕೊಂಬಿಗೂ ಸಂಖ್ಯೆಯ ಮುದ್ರೆ ಬೀಳಲಿ, ದಾಖಲೆ ಪುಸ್ತಕದಲ್ಲಿ ಮರಣೋತ್ತರ ವರದಿಯೊಡನೆ ನಮೂದಾಗಲಿ. ಯಾವುದೂ ಯಾರ ಮನೆಗೂ ಹೋಗದೆ, ಸಿದ್ಧವಾದ ಮಾದರಿಗಳೆಲ್ಲ ಸರ್ಕಾರದ ಸ್ವತ್ತಾಗಿಯೇ ಉಳಿದು ಸಂಗ್ರಹಾಲಯಗಳಿಗೆ, ಅರಣ್ಯ ಇಲಾಖೆಯ ಪ್ರಕೃತಿ ಶಿಕ್ಷಣ ಕೇಂದ್ರಗಳಿಗೆ ಸೇರಲಿ. ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯೊಡನೆ ಶಿಕ್ಷಣದ ಉದ್ದೇಶಕ್ಕೆ ಇಂಥ ಏರ್ಪಾಡು ಮಾಡಿಕೊಳ್ಳಲು ಕಾಯ್ದೆ ಅಡ್ಡಿಯಾಗದು ಎಂಬುದಕ್ಕೆ ಬೋರಿವಲಿಯ ಕೇಂದ್ರವೇ ಕಣ್ಣೆದುರಿಗಿದೆ.

ಈ ಬಗ್ಗೆ ಇಲಾಖೆಯ ನಿಲುವೇನು ಎಂಬುದನ್ನು ತಮ್ಮ ಪತ್ರಿಕೆ ವಿಚಾರಿಸಿ ಪ್ರಕಟಿಸಿದರೆ, ಉತ್ತರ ಕಾಯುತ್ತಿರುವ ಹಲವು ಯುವಕ ಯುವತಿಯರಿಗೆ ಉಪಕಾರವಾಗುತ್ತದೆ. ಘಟಕ ಆರಂಭವಾದರೆ, ನನ್ನ ಬಳಿಯಿರುವ ಉಪಕರಣಗಳನ್ನೂ ಅಳತೆಯ ಟಿಪ್ಪಣಿ ಪುಸ್ತಕಗಳನ್ನೂ ಅದಕ್ಕೆ ಒಪ್ಪಿಸಿ, ಶಕ್ತಿಯಿರುವಷ್ಟು ಕಾಲ ಸಂಬಳವಿಲ್ಲದೆ ಕಲಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ,
ಮೈಸೂರು